ನಲವತ್ತೊಂದಕ್ಕೆ ಕೋಚ್ ಆಗ್ತೀನಿ ಅಂದಳು!

ಬೆಳಿಗ್ಗೆ ಐದೂವರೆ. ಹಾಲಿನವನು ಇನ್ನೂ ಬಂದಿರಲಿಲ್ಲ, ಫೋನ್ ಬಡಿದುಕೊಂಡಿತು. ಅಮೆರಿಕದ ಟೆಕ್ಸಸ್‌ನಲ್ಲಿರುವ ನನ್ನ ಚಿಕ್ಕಮ್ಮನ ಮಗಳು. ಅಲ್ಲಿ ಸಂಜೆ ಆರು. ಈ ಹೊತ್ತಲ್ಲಿ ಅವಳು ಫೋನ್ ಮಾಡುವುದು ಒಂದೋ ಯಾರಿಗಾದರೂ ಹುಷಾರಿಲ್ಲದಾಗ, ಇಲ್ಲವೇ ಗಂಡನ ಜೊತೆ ಮುನಿಸಾದಾಗ. ಈ ಸಲ ಎರಡನೆಯದು.

"ಅಕ್ಕಾ, ಇಲ್ಲೊಂದು ಕಾಲೇಜಿನ ಬೇಸ್‌ಬಾಲ್ ಟೀಮಿಗೆ ಸಹಾಯಕ ಕೋಚ್ ಆಗಿ ಬನ್ನಿ ಅಂತ ನನ್ನನ್ನ ಕರೀತಿದಾರೆ. ಇವರು ಬೇಡ ಅಂತಾರೆ. ಅಮ್ಮನಿಗೆ ಹೇಳಿದ್ರೆ 'ಬೆಳೆದ ಗಂಡುಹುಡುಗರಿಗೆ ನೀನು ಚೆಂಡಾಟ ಹೇಳ್ಕೊಡ್ತೀಯಾ?' ಅಂತ ಫೋನೇ ಇಟ್ಟುಬಿಟ್ಟಳು. ನೀನೇ ಹೇಳು, ತಪ್ಪಾ?"

ನನಗೆ ತಕ್ಷಣ ಏನು ಹೇಳಬೇಕೋ ತೋಚಲಿಲ್ಲ. ಆದರೆ ಅವಳೇನೂ ಆಟಕ್ಕೆ ಹೊಸಬಳಲ್ಲ. ಮೈಸೂರಿನಲ್ಲಿ ಬಿ.ಕಾಂ. ಓದುವಾಗ ಕಾಲೇಜಿನ ಸಾಫ್ಟ್‌ಬಾಲ್ ತಂಡದಲ್ಲಿ ಕ್ಯಾಚರ್ ಆಗಿದ್ದಳು. ಕ್ರಿಕೆಟ್‌ನಲ್ಲಿ ವಿಕೆಟ್‌ಕೀಪರ್ ಇದ್ದ ಹಾಗೆ, ಇಡೀ ಆಟ ಕಣ್ಣೆದುರು ಕಾಣುವ ಜಾಗ ಅದು. ಮದುವೆಯಾಗಿ ಹೊರಟಾಗ ಗ್ಲೌಸ್ ಅಟ್ಟ ಸೇರಿತು. ಗಂಡನ ವೀಸಾದ ಮೇಲೆ ವರ್ಷಗಟ್ಟಲೆ ಮನೆಯಲ್ಲೇ ಕುಳಿತಳು. ಗ್ರೀನ್ ಕಾರ್ಡ್ ಬಂದ ಮೇಲೆ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದಳು. ಮಗ ಬೇಸ್‌ಬಾಲ್ ಆಡತೊಡಗಿದಾಗ ಅವನ ಟೀಮಿಗೆ ಸ್ಕೋರ್ ಬರೆದಳು, ಆಮೇಲೆ ಮಕ್ಕಳಿಗೆ ಚೆಂಡು ಹಿಡಿಯುವುದನ್ನು ತಿದ್ದತೊಡಗಿದಳು. ಅದನ್ನು ನೋಡಿದ್ದ ಎರಡು ವರ್ಷದ ಕಮ್ಯೂನಿಟಿ ಕಾಲೇಜೊಂದರ ಕೋಚ್ ಈಗ ಕರೆದಿದ್ದಾರೆ. ಗೌರವಧನ? ಕಾರಿನ ಪೆಟ್ರೋಲಿಗೆ ಸರಿಹೋಗುವಷ್ಟು!

ಈಗ ಹೇಳಿ, ನೀವಾಗಿದ್ದರೆ ಏನು ಸಲಹೆ ಕೊಡ್ತಿದ್ರಿ?

ಕೋಚ್ ಅಂದ್ರೆ ಬರೀ ಸೀಟಿ ಊದೋದಲ್ಲ

ಅಮೆರಿಕದಲ್ಲಿ ಕಾಲೇಜು ಆಟ ಅನ್ನುವುದೇ ಒಂದು ದೊಡ್ಡ ಪ್ರಪಂಚ. ಎನ್‌ಸಿಎಎ ಎಂಬ ಸಂಸ್ಥೆಯ ಕೆಳಗೆ ಮೂರು ದರ್ಜೆಗಳಿವೆ. ಮೊದಲನೇ ದರ್ಜೆಯೊಂದರಲ್ಲೇ ಸುಮಾರು 300 ಬೇಸ್‌ಬಾಲ್ ತಂಡಗಳು. ಮೂರನೇ ದರ್ಜೆಯ ಕಾಲೇಜುಗಳು ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಇವಲ್ಲದೆ ಕಮ್ಯೂನಿಟಿ ಕಾಲೇಜುಗಳದ್ದೇ ಬೇರೆ ಪಂದ್ಯಾವಳಿಗಳು. ಮೊದಲ ದರ್ಜೆಯ ಪಂದ್ಯಗಳು ಫೆಬ್ರವರಿ ಮಧ್ಯದಲ್ಲಿ ಶುರು. ಗೆಲ್ಲುತ್ತಾ ಹೋದವರು ಜೂನ್‌ನಲ್ಲಿ ನೆಬ್ರಾಸ್ಕಾದ ಒಮಾಹಾ ನಗರ ತಲುಪುತ್ತಾರೆ. 1950ರಿಂದ ಫೈನಲ್ ಹಬ್ಬ ಅಲ್ಲೇ.

ಕೋಚ್ ಕೆಲಸ ಮೈದಾನದಲ್ಲಿ ಮುಗಿಯುವುದಿಲ್ಲ. ಹೈಸ್ಕೂಲುಗಳಿಗೆ ಅಲೆದು ಒಳ್ಳೆ ಹುಡುಗರನ್ನು ಹುಡುಕಬೇಕು, ಅವರ ಅಪ್ಪ-ಅಮ್ಮಂದಿರನ್ನು ಒಪ್ಪಿಸಬೇಕು. ಸೇರಿದ ಮೇಲೆ ಹುಡುಗರ ಮಾರ್ಕ್ಸ್ ಮೇಲೆ ಕಣ್ಣಿಡಬೇಕು, ಯಾಕೆಂದರೆ ಓದಿನಲ್ಲಿ ಹಿಂದೆ ಬಿದ್ದರೆ ಆಡುವ ಅರ್ಹತೆಯೇ ಹೋಗುತ್ತದೆ. ಎದುರಾಳಿಯ ವಿಡಿಯೊ ನೋಡಿ ಟಿಪ್ಪಣಿ ಮಾಡಬೇಕು. ಚಿಕ್ಕ ಕಾಲೇಜುಗಳಲ್ಲಿ ಮಳೆ ಬಂದರೆ ಟಾರ್ಪಾಲು ಎಳೆಯುವವರೂ ಕೋಚೇ, ವ್ಯಾನ್ ಓಡಿಸುವವರೂ ಕೋಚೇ!

ಓದಿನ ನಿಗಾ, ಊಟದ ವ್ಯವಸ್ಥೆ, ಸೋತು ಮುಖ ಸಪ್ಪಗೆ ಮಾಡಿಕೊಂಡವನಿಗೆ ಸಮಾಧಾನ... ಇದರಲ್ಲಿ ಅರ್ಧ ಕೆಲಸ ನಾವು ಮನೆಯಲ್ಲಿ ದಿನಾ ಮಾಡ್ತಿರೋದೇ ಅಲ್ವಾ?

ದುಡ್ಡಿನ ಮಾತು

ತಂಗಿಯ ಗಂಡನ ಚಿಂತೆ ಸುಳ್ಳಲ್ಲ. "ಮಗ ಇನ್ನೆರಡು ವರ್ಷಕ್ಕೆ ಕಾಲೇಜಿಗೆ ಹೋಗ್ತಾನೆ. ಅವಳ ಕ್ಲಿನಿಕ್ ಸಂಬಳವನ್ನ ಅದಕ್ಕಂತಲೇ ಎತ್ತಿಡ್ತಿದೀವಿ. ಅದು ನಿಂತ್ರೆ ಫೀಸ್ ಯಾರು ಕಟ್ಟೋದು ಅಕ್ಕ?" ಅಂತ ನನ್ನನ್ನೇ ಕೇಳಿದರು.

ಈ ವೃತ್ತಿಯಲ್ಲಿ ಮೇಲೆ ಹೋದವರ ಕಥೆ ಕೇಳಲು ಚೆನ್ನ. ಟೋನಿ ವಿಟೆಲೊ ಎಂಬ ಕೋಚ್ ಟೆನೆಸ್ಸಿ ವಿಶ್ವವಿದ್ಯಾಲಯಕ್ಕೆ 2024ರಲ್ಲಿ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟರು. 2025ರ ಅಕ್ಟೋಬರ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಜೈಂಟ್ಸ್ ಎಂಬ ದೊಡ್ಡ ವೃತ್ತಿಪರ ತಂಡ ಅವರನ್ನು ನೇರವಾಗಿ ಕಾಲೇಜಿನಿಂದಲೇ ಮ್ಯಾನೇಜರ್ ಆಗಿ ಕರೆದುಕೊಂಡಿತು. ಆದರೆ ಕೆಳಗಿನ ಮೆಟ್ಟಿಲುಗಳ ಕಥೆ ಬೇರೆ. 2023ರ ಜುಲೈವರೆಗೆ ಮೊದಲ ದರ್ಜೆಯಲ್ಲೇ ಮುಖ್ಯ ಕೋಚ್ ಮತ್ತು ಇಬ್ಬರು ಸಹಾಯಕರಿಗೆ ಮಾತ್ರ ಸಂಬಳ. ಮೂರನೇ ಸಹಾಯಕ 'ಸ್ವಯಂಸೇವಕ', ಅಂದರೆ ದುಡಿಮೆ ಉಂಟು, ಸಂಬಳ ಇಲ್ಲ! ರಜೆಯಲ್ಲಿ ಮಕ್ಕಳ ಶಿಬಿರ ನಡೆಸಿ ಹೊಟ್ಟೆ ಹೊರೆಯಬೇಕಿತ್ತು. ಆ ನಿಯಮ ಈಗ ಹೋಗಿದೆ. ಆದರೂ ಸಣ್ಣ ಕಾಲೇಜುಗಳಲ್ಲಿ ಸಹಾಯಕರ ಕೈಗೆ ಬರುವುದು ಅಷ್ಟಕ್ಕಷ್ಟೆ.

ಹಾಗಾದರೆ ದಾರಿಯೇ ಇಲ್ಲವಾ? ರಾಡ್ ಡೆಡೊ ಅವರ ಕಥೆ ಕೇಳಿ. 1935ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡಕ್ಕೆ ಆಡಿದ್ದು ಬರೀ ಎರಡು ಪಂದ್ಯ. ಬೆನ್ನಿನ ಪೆಟ್ಟು ಆಟ ನಿಲ್ಲಿಸಿತು. ಅವರು ಲಾರಿ ಸಾಗಣೆಯ ವ್ಯಾಪಾರಕ್ಕಿಳಿದರು. 1942ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೋಚ್ ಆದ ಮೇಲೂ ಆ ವ್ಯಾಪಾರ ಬಿಡಲಿಲ್ಲ. ಮನೆ ನಡೆದದ್ದು ಲಾರಿಗಳಿಂದ. ಕೋಚ್ ಆಗಿ ಅವರು ತೆಗೆದುಕೊಳ್ಳುತ್ತಿದ್ದ ಸಂಬಳ ವರ್ಷಕ್ಕೆ ಒಂದೇ ಒಂದು ಡಾಲರ್! 1986ರಲ್ಲಿ ನಿವೃತ್ತರಾಗುವಷ್ಟರಲ್ಲಿ ತಂಡಕ್ಕೆ 11 ರಾಷ್ಟ್ರೀಯ ಪ್ರಶಸ್ತಿ ಬಂದಿತ್ತು.

ಎಲ್ಲರಿಗೂ ಲಾರಿ ಕಂಪನಿ ಇರುವುದಿಲ್ಲ, ಒಪ್ಪಿದೆ. ಆದರೆ ಎರಡನೇ ಕೆಲಸ ಹಿಡಿಯಲು ಮೊದಲನೆಯದನ್ನು ಒದ್ದು ಬರಲೇಬೇಕು ಅಂತೇನೂ ಇಲ್ಲ. ನಾನು ತಂಗಿಗೆ ಹೇಳಿದ್ದೂ ಇದನ್ನೇ.

ಹೆಂಗಸಿನ ಮಾತು ಕೇಳ್ತಾರಾ?

ಚಿಕ್ಕಮ್ಮನ ಪ್ರಶ್ನೆ ಇದು. ಅಮೆರಿಕದವರೂ ಇದನ್ನೇ ಕೇಳಿದ್ದಾರೆ ಅಂದ್ರೆ ನಂಬ್ತೀರಾ? ಜಸ್ಟೀನ್ ಸೀಗಲ್ ಎಂಬಾಕೆ ಹದಿನಾರರ ವಯಸ್ಸಿನಲ್ಲಿ "ನಾನು ಕಾಲೇಜು ತಂಡದ ಕೋಚ್ ಆಗಬೇಕು" ಅಂದಾಗ ಆಕೆಯ ಕೋಚ್ ನಕ್ಕುಬಿಟ್ಟರಂತೆ, ಗಂಡಸರು ನಿನ್ನ ಮಾತು ಕೇಳೋದಿಲ್ಲ ಅಂತ. ಆಕೆ ಕ್ರೀಡಾ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಕಾಲೇಜಿನಲ್ಲಿ 2008ರಿಂದ 2010ರವರೆಗೆ ಸಹಾಯಕ ಕೋಚ್ ಆಗಿದ್ದರು. 2015ರಲ್ಲಿ ಓಕ್ಲೆಂಡ್ ಅಥ್ಲೆಟಿಕ್ಸ್ ತಂಡ ಯುವ ಆಟಗಾರರ ತರಬೇತಿಗೆ ಕರೆದಾಗ, ಮೇಜರ್ ಲೀಗ್ ತಂಡವೊಂದು ಕೋಚ್ ಆಗಿ ನೇಮಿಸಿಕೊಂಡ ಮೊದಲ ಮಹಿಳೆ ಎನಿಸಿದರು.

ಅದಕ್ಕೂ ಮೊದಲೇ ಜೂಲಿ ಕ್ರೊಟೊ ದಾರಿ ಮಾಡಿದ್ದರು. 1989ರಲ್ಲಿ ಮೇರಿಲ್ಯಾಂಡ್‌ನ ಸೇಂಟ್ ಮೇರೀಸ್ ಕಾಲೇಜಿನ ಪುರುಷರ ತಂಡದಲ್ಲಿ ಆಡಿದಾಕೆ ಇವರು. 1990ರ ದಶಕದಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಹುಡುಗರಿಗೆ ಸಹಾಯಕ ಕೋಚ್ ಆದರು.

ನಮ್ಮ ತಂಗಿಗೆ ಇಷ್ಟವಾಗಿದ್ದು ಮಾತ್ರ ಅಲಿಸಾ ನ್ಯಾಕನ್ ಕಥೆ. ಅವರೂ ಕಾಲೇಜಿನಲ್ಲಿ ಆಡಿದ್ದು ಸಾಫ್ಟ್‌ಬಾಲ್! 2014ರಲ್ಲಿ ಜೈಂಟ್ಸ್ ತಂಡದ ಕಚೇರಿಗೆ ತರಬೇತಿಗಾಗಿ ಸೇರಿ, 2020ರಲ್ಲಿ ಪೂರ್ಣಾವಧಿ ಕೋಚ್ ಆದರು. 2022ರ ಏಪ್ರಿಲ್ 12ರಂದು ಮೇಜರ್ ಲೀಗ್ ಪಂದ್ಯದ ನಡುವೆ ಮೈದಾನಕ್ಕಿಳಿದು ಕೋಚಿಂಗ್ ಮಾಡಿದ ಮೊದಲ ಮಹಿಳೆಯಾದರು.

ಕೊನೆಗೆ ಏನಾಯ್ತು?

ಗಂಡ-ಹೆಂಡತಿ ಒಂದು ಭಾನುವಾರ ನೋಟ್‌ಬುಕ್ ಹಿಡಿದು ಕೂತರಂತೆ. ಬೆಳಗಿನ ಹೊತ್ತು ಕ್ಲಿನಿಕ್, ಮಧ್ಯಾಹ್ನದ ಮೇಲೆ ಮೈದಾನ. ಸಂಬಳ ಅರ್ಧವಾಗುತ್ತದೆ. ಆ ವರ್ಷ ಊರಿಗೆ ಬರುವ ಟಿಕೆಟ್ ದುಡ್ಡನ್ನು ಮಗನ ಫೀಸಿನ ಖಾತೆಗೆ ಹಾಕುವುದು. ನೆನಪಿರಲಿ, ಇದು ಅವಳಿಗೆ ಸಣ್ಣ ತ್ಯಾಗವಲ್ಲ, ಅಮ್ಮನನ್ನು ನೋಡಿ ಮೂರು ವರ್ಷವಾಗಿದೆ. ಒಂದೇ ಒಂದು ಸೀಸನ್ ನೋಡುವುದು, ಮೇ ತಿಂಗಳಲ್ಲಿ ಮತ್ತೆ ಕೂತು ಮಾತಾಡುವುದು. ಬುಧವಾರ, ಶುಕ್ರವಾರ ಅಡುಗೆ ಅವರದ್ದು. ಅನ್ನ ಮುದ್ದೆಯಾದ ದಿನ ಅದನ್ನೇ ಬಿಸಿಬೇಳೆಬಾತ್ ಅಂತ ಬಡಿಸ್ತಾರಂತೆ!

ನಿಮಗೂ ಇಂಥ ಆಸೆ ಇದ್ದರೆ

* ಮೊದಲು ಹತ್ತಿರದ ಮಕ್ಕಳ ತಂಡಕ್ಕೆ ಕೈಜೋಡಿಸಿ. ಬಿಸಿಲು, ಸೋಲು, ತಂದೆತಾಯಿಯರ ದೂರು ಎಲ್ಲವನ್ನೂ ಒಂದು ವರ್ಷ ತಡೆದುಕೊಂಡರೆ ಮುಂದಿನ ಮಾತು.

* ಅಲ್ಲಿನ ಬಹುತೇಕ ಕಾಲೇಜುಗಳು ಕೋಚ್‌ಗೆ ಪದವಿ ಕೇಳುತ್ತವೆ. ನಿಮ್ಮ ಬಿ.ಎ., ಬಿ.ಕಾಂ. ಸರ್ಟಿಫಿಕೇಟನ್ನು ಅಲ್ಲಿನ ಪದ್ಧತಿಗೆ ಮೌಲ್ಯಮಾಪನ ಮಾಡಿಸಿಟ್ಟುಕೊಳ್ಳಿ. ಪ್ರಥಮ ಚಿಕಿತ್ಸೆ ಕಲಿತಿರಿ.

* ಮತ್ತೆ ಓದುವ ಮನಸ್ಸಿದ್ದರೆ 'ಗ್ರಾಜುಯೇಟ್ ಅಸಿಸ್ಟೆಂಟ್' ಹುದ್ದೆ ವಿಚಾರಿಸಿ. ತಂಡಕ್ಕೆ ಕೆಲಸ ಮಾಡುತ್ತಾ ಎಂ.ಎ. ಮುಗಿಸಬಹುದು, ಫೀಸಿನ ಭಾರ ಇಳಿಯುತ್ತದೆ.

* ಅಮೆರಿಕನ್ ಬೇಸ್‌ಬಾಲ್ ಕೋಚಸ್ ಅಸೋಸಿಯೇಷನ್ ಪ್ರತಿ ಜನವರಿಯಲ್ಲಿ ಸಮ್ಮೇಳನ ನಡೆಸುತ್ತದೆ. ಕಲಿಯಲಿಕ್ಕೂ ಪರಿಚಯ ಬೆಳೆಸಿಕೊಳ್ಳಲಿಕ್ಕೂ ಒಳ್ಳೆ ಜಾಗ.

* ಅವಲಂಬಿತ ವೀಸಾದಲ್ಲಿರುವವರು ವಕೀಲರನ್ನು ಕೇಳದೆ ಒಂದು ಡಾಲರ್ ಸಂಬಳಕ್ಕೂ ಒಪ್ಪಬೇಡಿ.

* ಇಲ್ಲೇ ಇರುವವರೇ? ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಬಗ್ಗೆ ವಿಚಾರಿಸಿ.

* ಎಲ್ಲಕ್ಕಿಂತ ಮುಖ್ಯ, ಮನೆಯವರ 'ಬೇಡ'ದ ಹಿಂದಿನ ಕಾರಣ ಕೇಳಿ. ಅದು ಹೆಚ್ಚಾಗಿ ದುಡ್ಡಿನದ್ದೋ ಸಮಯದ್ದೋ ಆಗಿರುತ್ತದೆ. ಅದಕ್ಕೆ ಲೆಕ್ಕ ಹಾಕಬಹುದು.

ಮೊನ್ನೆ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಮೈದಾನದಲ್ಲಿ ಹುಡುಗರ ಮಧ್ಯೆ ನಿಂತ ತಂಗಿಯ ಫೋಟೊ ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಏರಿಸಿಕೊಂಡು ತುಂಬಾ ಹೊತ್ತು ನೋಡಿದರು. ಬೈಗುಳ ಶುರುವಾಗುತ್ತೆ ಅಂದುಕೊಂಡೆ.

"ಎಷ್ಟು ಕಪ್ಪಾಗಿದಾಳೆ ನೋಡೇ. ಅಗಲದ ಟೋಪಿ ಹಾಕ್ಕೊಂಡು ನಿಂತ್ಕೊಳ್ಳೋಕೆ ಹೇಳು" ಅಂದರು.