ಪರಿಸರ ಪಾಠ ರಸ್ತೆ ದಾಟಲಿ

ಸಯನ್–ಬಾಂದ್ರಾ ಲಿಂಕ್ ರಸ್ತೆಯ ಒಂದು ಬದಿಗೆ ಮಹಾರಾಷ್ಟ್ರ ನೇಚರ್ ಪಾರ್ಕ್, ಇನ್ನೊಂದು ಬದಿಗೆ ಧಾರಾವಿ. ಪಾರ್ಕ್ ಇರುವ 37 ಎಕರೆ ಜಾಗ 1970ರ ದಶಕದವರೆಗೂ ಮುಂಬೈಯ ಕಸ ಸುರಿಯುವ ತಾಣವಾಗಿತ್ತು. ಆ ಕಸದ ಮೇಲೆಯೇ ಗಿಡ ಬೆಳೆಸಿ, 1994ರಲ್ಲಿ ಸಾರ್ವಜನಿಕರಿಗೆ ತೆರೆದರು. ಇಂದು ಶಾಲಾ ಮಕ್ಕಳು ಇಲ್ಲಿಗೆ ಬಂದು ಮರ, ಚಿಟ್ಟೆ, ಹಕ್ಕಿಗಳನ್ನು ನೋಡಿ ಹೋಗುತ್ತಾರೆ. ಕಸದ ಗುಡ್ಡ ಕಾಡಾಗಬಲ್ಲದು ಎಂಬುದನ್ನು ಕಣ್ಣಾರೆ ಕಾಣಲು ಇದಕ್ಕಿಂತ ಒಳ್ಳೆಯ ಜಾಗ ಮುಂಬೈಯಲ್ಲಿಲ್ಲ. ಆದರೆ ಪರಿಸರ ಪಾಠ ಅಲ್ಲಿಗೇ ಮುಗಿದರೆ ಅದು ಅರ್ಧ ಪಾಠ ಮಾತ್ರ.

ಉಳಿದರ್ಧ ಧಾರಾವಿಯ ತೇರಾ ಕಂಪೌಂಡ್‌ನಲ್ಲಿದೆ. ನಾವು ಗುಜರಿ ಎನ್ನುವುದನ್ನು ಮುಂಬೈಯಲ್ಲಿ ಭಂಗಾರ್ ಎನ್ನುತ್ತಾರೆ. ಶಾಂಪೂ ಬಾಟಲಿ, ಮುರಿದ ಕುರ್ಚಿ, ಎಣ್ಣೆ ಕ್ಯಾನ್, ಹಳೆಯ ಟಿವಿಯ ಹೊರಕವಚ, ಎಲ್ಲವೂ ಮೂಟೆ ಮೂಟೆಯಾಗಿ ಬಂದು ಬೀಳುತ್ತವೆ. ಕೆಲಸಗಾರರು ಅವನ್ನು ಬಣ್ಣ ಮತ್ತು ಜಾತಿಯ ಪ್ರಕಾರ ಬೇರ್ಪಡಿಸುತ್ತಾರೆ. ಪ್ಲಾಸ್ಟಿಕ್ಕನ್ನು ಬಗ್ಗಿಸಿ, ಮುರಿದು, ತಟ್ಟಿದ ಸದ್ದು ಕೇಳಿ ಗುರುತಿಸುತ್ತಾರೆ. ಅನುಮಾನ ಬಂದರೆ ತುದಿಗೆ ಬೆಂಕಿ ತಾಗಿಸಿ ವಾಸನೆ ನೋಡುತ್ತಾರೆ. ಆಮೇಲೆ ಅದನ್ನು ಚೂರು ಮಾಡಿ, ತೊಳೆದು, ಮಾಡಿನ ಮೇಲೆ ಒಣಗಿಸಿ, ಕರಗಿಸಿ, ಶಾವಿಗೆಯಂತೆ ಎಳೆ ತೆಗೆದು ಸಣ್ಣ ಕಾಳುಗಳಾಗಿ ಕತ್ತರಿಸುತ್ತಾರೆ. ಆ ‘ದಾಣಾ’ ಮತ್ತೆ ಕಾರ್ಖಾನೆಗೆ ಹೋಗಿ ಬಕೆಟ್ಟೋ ಆಟಿಕೆಯೋ ಆಗುತ್ತದೆ.

ನಾನು ಎಂಟೆಕ್ ಓದಿದವನು, ಸಾಫ್ಟ್‌ವೇರ್‌ನಲ್ಲಿ ಅನ್ನ ಹುಟ್ಟಿಸಿಕೊಳ್ಳುವವನು. ಪ್ಲಾಸ್ಟಿಕ್ ಬೇರ್ಪಡಿಸುವ ಯಂತ್ರಗಳು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಬಳಸಿ ಯಾವುದು ಯಾವ ಜಾತಿಯದೆಂದು ಹೇಳುತ್ತವೆ. ಆದರೆ ಮಸಿ ಬೆರೆಸಿದ ಕಪ್ಪು ಪ್ಲಾಸ್ಟಿಕ್ ಆ ಕಿರಣಗಳನ್ನು ನುಂಗಿಬಿಡುವುದರಿಂದ ಇಂಥ ಸಾಮಾನ್ಯ ಯಂತ್ರಗಳು ಅದರ ಮುಂದೆ ಕೈಚೆಲ್ಲುತ್ತವೆ. ಧಾರಾವಿಯ ಕೈಗಳು ಆ ಕಪ್ಪು ತುಂಡನ್ನೂ ಮುರಿದು, ಮೂಸಿ, ಸರಿಯಾದ ಗುಡ್ಡೆಗೆ ಎಸೆಯುತ್ತವೆ. ಇದು ಜ್ಞಾನವಲ್ಲದಿದ್ದರೆ ನಾನು ಕಲಿತದ್ದೂ ಜ್ಞಾನವಲ್ಲ.

ನಮ್ಮಂಥವರ ಕಚೇರಿಗಳಲ್ಲಿ ವರ್ಷಕ್ಕೊಮ್ಮೆ ಸುಸ್ಥಿರತೆಯ ತರಬೇತಿ ನಡೆಯುತ್ತದೆ. ಕೆಲವು ಸ್ಲೈಡು, ಹತ್ತು ಪ್ರಶ್ನೆ, ಕೊನೆಗೊಂದು ಪ್ರಮಾಣಪತ್ರ. ಒಣಕಸದ ಡಬ್ಬಿಯ ನಂತರ ಮೂರು ಬಾಣಗಳ ಒಂದು ವೃತ್ತವಿರುತ್ತದೆ. ಆ ವೃತ್ತದಲ್ಲಿ ಮನುಷ್ಯರೇ ಇರುವುದಿಲ್ಲ.

ಶಾಲೆಗಳ ಕತೆಯೂ ಹೆಚ್ಚು ಬೇರೆಯಲ್ಲ. ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರ ನವೆಂಬರ್ 22ರಂದು ಪರಿಸರವನ್ನು ಕಡ್ಡಾಯ ಪಾಠವಾಗಿಸಲು ಹೇಳಿತು. ಅದರ ಫಲವಾಗಿ ಇಂದು ಎಲ್ಲ ಮಕ್ಕಳ ಚೀಲದಲ್ಲೂ ಪರಿಸರದ ಪಾಠವಿದೆ. ಆದರೆ ‘ಕಸವನ್ನು ಬುಟ್ಟಿಗೆ ಹಾಕಿ’ ಎಂಬ ಮಾತು ಕಸ ಎಸೆಯುವ ಮನೆಯ ಮಗುವನ್ನು ಉದ್ದೇಶಿಸಿದ್ದು. ಅದೇ ಬುಟ್ಟಿಗೆ ಕೈ ಹಾಕಿ ಸಂಸಾರ ನಡೆಸುವ ತಾಯಿಯ ಮಗುವಿಗೆ ಅದರಲ್ಲಿ ಜಾಗವೆಲ್ಲಿದೆ? ಪ್ಲಾಸ್ಟಿಕ್ ಹೊಗೆ ಕೆಟ್ಟದ್ದು ಎಂದು ಪುಸ್ತಕ ಹೇಳುತ್ತದೆ. ಆ ಹೊಗೆಯ ಪಕ್ಕದಲ್ಲೇ ಮಲಗುವ ಮಗು, ತನ್ನ ಅಪ್ಪನಿಗೆ ಕೈಗವಸು, ಮುಸುಕು, ಗಾಳಿ ಆಡುವ ಕೋಣೆ ಏಕಿಲ್ಲ ಎಂದು ಕೇಳಿದರೆ, ಅದೂ ಪರಿಸರದ ಪ್ರಶ್ನೆಯೇ.

ಉತ್ತರ ಹುಡುಕಿದವರೂ ಇದ್ದಾರೆ. ಏಕಾರ್ನ್ ಇಂಡಿಯಾ ಸಂಸ್ಥೆಯ ‘ಧಾರಾವಿ ಪ್ರಾಜೆಕ್ಟ್’ ಚಿಂದಿ ಆಯುವವರ ಜೊತೆ ಕೆಲಸ ಮಾಡುತ್ತ, ಅವರ ಮಕ್ಕಳಿಗೆ ಪ್ಲಾಸ್ಟಿಕ್ ಡ್ರಮ್ಮುಗಳ ಮೇಲೆ ಸಂಗೀತ ಕಲಿಸಿ ವೇದಿಕೆ ಹತ್ತಿಸಿತು. ನಮ್ಮ ಬೆಂಗಳೂರಿನಲ್ಲಿ ಹಸಿರು ದಳದಂಥ ಸಂಘಟನೆಗಳ ಪ್ರಯತ್ನದಿಂದ ಚಿಂದಿ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿತು. ಅವರ ಮಕ್ಕಳಿಗಾಗಿ ಹಸಿರು ದಳ ‘ಬುಗುರಿ’ ಎಂಬ ಗ್ರಂಥಾಲಯ ತೆರೆಯಿತು. 2016ರ ಘನತ್ಯಾಜ್ಯ ನಿಯಮಗಳು ಇವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ಹೇಳಿದವು. ಕಸ ಆಯುವವರ ಮಕ್ಕಳಿಗೆ ಕೇಂದ್ರ ಸರ್ಕಾರದ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನವೂ ಇದೆ. ಆದರೆ ಅದಕ್ಕೆ ತಂದೆತಾಯಿ ಈ ಕೆಲಸ ಮಾಡುತ್ತಾರೆಂಬ ಪ್ರಮಾಣಪತ್ರ ಬೇಕು. ಕಾಗದವೇ ಇಲ್ಲದವರ ಪಾಲಿಗೆ ಅದು ದೊಡ್ಡ ಗೋಡೆ.

ಈಗ ಕಾಗದದ ಪ್ರಶ್ನೆ ಇನ್ನೂ ದೊಡ್ಡದಾಗಿದೆ. ಧಾರಾವಿ ಪುನರಭಿವೃದ್ಧಿ ಯೋಜನೆಯಲ್ಲಿ, 2000ದ ಜನವರಿ 1ಕ್ಕೆ ಮೊದಲಿನಿಂದ ನೆಲಮಹಡಿಯಲ್ಲಿ ಇದ್ದೇವೆಂದು ತೋರಿಸಿದವರಿಗೆ ಅಲ್ಲೇ ಉಚಿತ ಮನೆ. ಉಳಿದ ಅನೇಕರು ಮುಂಬೈಯ ಬೇರೆಡೆಗೆ ಹೋಗಬೇಕು. ಅದಕ್ಕಾಗಿ ಸರ್ಕಾರ ಗುರುತಿಸಿದ ಜಾಗಗಳಲ್ಲಿ ದೇವನಾರ್ ಕಸದ ಮೈದಾನದ 124 ಎಕರೆಯೂ ಸೇರಿದೆ. 1927ರಿಂದ ಕಸ ಬೀಳುತ್ತಿರುವ, 2016ರ ಜನವರಿಯಲ್ಲಿ ಹೊತ್ತಿ ಉರಿದು ನಗರಕ್ಕೆಲ್ಲ ಹೊಗೆ ಹಬ್ಬಿಸಿದ ಜಾಗ ಅದು. ಹಳೆಯ ಕಸ ತೆಗೆಯುವ ಕೆಲಸವನ್ನು ಪಾಲಿಕೆ ಕೈಗೆತ್ತಿಕೊಂಡಿದೆ, ನಿಜ. ಆದರೂ ಯೋಚಿಸಿ: ಒಂದು ಕಸದ ಗುಡ್ಡ ಕಾಡಾಗಿ ಮಕ್ಕಳಿಗೆ ಪಾಠ ಹೇಳುತ್ತಿದೆ, ಇನ್ನೊಂದು ಕಸದ ಗುಡ್ಡ ಧಾರಾವಿಯ ಕೆಲವು ಮಕ್ಕಳ ಮನೆ ವಿಳಾಸವಾಗಲಿದೆ. ಪರಿಸರ ನ್ಯಾಯ ಎಂಬ ಭಾರದ ಪದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಕಿಲ್ಲ. ಮನೆ ಬದಲಾದರೆ ಮಗುವಿನ ಶಾಲೆಯೂ, ಅಪ್ಪ ಅಮ್ಮನ ಕಸುಬೂ ಬದಲಾಗುತ್ತವೆ.

ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣ ಹೇಗಿರುತ್ತದೆಂದು ಮುಂಬೈ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಗಲಿಡೀ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರಿಗಾಗಿ ನಮ್ಮ ಹಿರಿಯರು ರಾತ್ರಿಶಾಲೆ ನಡೆಸಿದರು. ಹುಡುಗರ ಕೆಲಸದ ವೇಳೆಗೆ ತಕ್ಕಂತೆ ಶಾಲೆಯೇ ತನ್ನ ಗಡಿಯಾರ ಬದಲಿಸಿಕೊಂಡಿತು. ಪರಿಸರ ಶಿಕ್ಷಣಕ್ಕೂ ಬೇಕಾದದ್ದು ಅದೇ ಗುಣ.

ಪುಣೆ, ಹೈದರಾಬಾದ್, ದೆಹಲಿ, ಎಲ್ಲೇ ಇದ್ದರೂ ನಾವು ಮಾಡಬಹುದಾದ ಕೆಲಸಗಳಿವೆ. ಮುಂದಿನ ಸುಸ್ಥಿರತೆಯ ತರಬೇತಿಗೆ ಕಸ ವಿಂಗಡಿಸುವ ಒಬ್ಬರನ್ನು ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಸಂಭಾವನೆ ಕೊಟ್ಟು ಕರೆಸಿ ಎಂದು ಕಚೇರಿಯಲ್ಲಿ ಕೇಳೋಣ. ನಮ್ಮ ಅಪಾರ್ಟ್‌ಮೆಂಟಿನ ಕಸ ಒಯ್ಯುವವರ ಮಕ್ಕಳು ಯಾವ ತರಗತಿಯಲ್ಲಿದ್ದಾರೆಂದು ವಿಚಾರಿಸೋಣ. ವಿದ್ಯಾರ್ಥಿವೇತನದ ಅರ್ಜಿ ತುಂಬಲು ಕಂಪ್ಯೂಟರ್ ಬಲ್ಲ ನಮಗೆ ಒಂದು ಭಾನುವಾರದ ಬೆಳಗ್ಗೆ ಸಾಕು.