ನೂರು ಗ್ರಾಂ ಗಿಡುಗದ ಹಿಂದೆ

ಗಿಡುಗದ ಬೇಟೆ ಅಂದ ಕೂಡಲೇ ನೆನಪಿಗೆ ಬರುವುದು ಅರಬ್ ಶೇಖ್‌ಗಳ ಕೈಮೇಲೆ ಚರ್ಮದ ಟೊಪ್ಪಿಗೆ ಹಾಕಿಕೊಂಡು ಕೂತ ದೊಡ್ಡ ಹಕ್ಕಿ. ರೀಲ್ಸ್‌ ತುಂಬ ಅದೇ. ಆದರೆ ಅಮೆರಿಕದಲ್ಲಿ ಈ ವಿದ್ಯೆ ಕಲಿಯಲು ಹೊರಡುವ ಹುಡುಗರಲ್ಲಿ ಹಲವರು ಶುರು ಮಾಡುವುದು ಅಂಗೈಯಲ್ಲಿ ಹಿಡಿಸುವ ಹಕ್ಕಿಯಿಂದ. ಅದರ ಹೆಸರು ಅಮೆರಿಕನ್ ಕೆಸ್ಟ್ರೆಲ್. ತೂಕ 100 ಗ್ರಾಂ ಆಸುಪಾಸು, ಅಂದರೆ ಒಂದು ಮೈಸೋಪಿನಷ್ಟು. ಹಿಂದೆ ಅಲ್ಲಿನ ಜನ ಅದನ್ನು ಗುಬ್ಬಿ ಗಿಡುಗ ಎಂದೇ ಕರೆಯುತ್ತಿದ್ದರು. ಕತ್ತಿನ ಹಿಂದೆ ಎರಡು ಕಪ್ಪು ಚುಕ್ಕೆಗಳಿದ್ದು, ಹಿಂದಿನಿಂದ ನೋಡಿದರೂ ಅದು ನಮ್ಮನ್ನೇ ದುರುಗುಟ್ಟಿ ನೋಡುತ್ತಿದೆ ಅನಿಸುತ್ತದೆ.

ಎಂ.ಎಸ್ ಓದಲು ಟೆಕ್ಸಾಸ್‌ನ ಲಬ್ಬಕ್ ಊರಿಗೆ ಹೋದಾಗ ಬಾಡಿಗೆ ಮನೆಯಲ್ಲಿ ನನ್ನ ಜೊತೆಗಿದ್ದವನು ವನ್ಯಜೀವಿ ವಿಭಾಗದ ವಿದ್ಯಾರ್ಥಿ. ಅವನು ಗಿಡುಗದ ಅಪ್ರೆಂಟಿಸ್. ನಾನು ಅವನ ಅಪ್ರೆಂಟಿಸ್ ಅನ್ನಬಹುದು. ಕಾರು ಓಡಿಸುವುದು, ಹಕ್ಕಿಯ ತೂಕ ನೋಟ್‌ಬುಕ್ಕಿನಲ್ಲಿ ಬರೆಯುವುದು, ಫ್ರಿಜ್ಜಿನಲ್ಲಿ ಸತ್ತ ಇಲಿಗಳ ಡಬ್ಬಿ ನನ್ನ ಚಪಾತಿ ಹಿಟ್ಟಿನಿಂದ ದೂರ ಇದೆಯೇ ನೋಡುವುದು ನನ್ನ ಕೆಲಸ. ಇಷ್ಟಕ್ಕೇ ಒಂದು ಚಳಿಗಾಲ ಪೂರ್ತಿ ಹೋಯಿತು.

ಅಲ್ಲಿ ಹಕ್ಕಿ ಇಷ್ಟ ಅಂತ ಯಾರೂ ಹಿಡಿದು ಸಾಕುವಂತಿಲ್ಲ. ಮೊದಲು ಲಿಖಿತ ಪರೀಕ್ಷೆ, ಪಾಸಾಗಲು ಶೇ 80 ಅಂಕ ಬೇಕು. ರೋಗ, ಆಹಾರ, ಕಾನೂನು, ಹಕ್ಕಿಗಳ ಗುರುತು ಎಲ್ಲದರ ಮೇಲೂ ಪ್ರಶ್ನೆ ಬರುತ್ತವೆ. ಆಮೇಲೆ ಹಕ್ಕಿಯ ಗೂಡುಕೋಣೆ, ತಕ್ಕಡಿ, ಸ್ನಾನದ ತಟ್ಟೆ, ಕಾಲುಪಟ್ಟಿಯವರೆಗೆ ತಪಾಸಣೆ. ಅನುಭವಿ ಬೇಟೆಗಾರರೊಬ್ಬರು ಜವಾಬ್ದಾರಿ ಹೊತ್ತು ಸಹಿ ಹಾಕಬೇಕು. ಅವರ ಕೈಕೆಳಗೆ ಕನಿಷ್ಠ ಎರಡು ವರ್ಷ ಕಳೆದ ಮೇಲೆಯೇ ಮುಂದಿನ ದರ್ಜೆ. ಸ್ಪರ್ಧಾತ್ಮಕ ಪರೀಕ್ಷೆ ಬರೆದು ಬರೆದು ಸಾಕಾಗಿದ್ದ ನನಗೆ ಇದನ್ನು ಕೇಳಿ ನಗು ಬಂತು. ಇಷ್ಟೆಲ್ಲ ಮಾಡಿದರೂ ಸಂಬಳವಿಲ್ಲ! ಗೆಳೆಯನಿಗೆ ಸಹಿ ಹಾಕಿದವರು ನಿವೃತ್ತ ಮೇಷ್ಟ್ರು. ನಾನು ಮನಸ್ಸಿನಲ್ಲೇ ಅವರನ್ನು ಅಜ್ಜ ಅನ್ನುತ್ತಿದ್ದೆ.

ಲಬ್ಬಕ್ ಸುತ್ತ ಹತ್ತಿ ಹೊಲಗಳು. ನೆಲ ರೊಟ್ಟಿ ತಟ್ಟಿದಷ್ಟು ಸಪಾಟು. ಚಳಿಗಾಲದಲ್ಲಿ ಕರೆಂಟಿನ ತಂತಿಗಳ ಮೇಲೆ ಕೆಸ್ಟ್ರೆಲ್‌ಗಳು ಕೂತಿರುತ್ತವೆ. ಅವನ್ನು ಹಿಡಿಯಲು ಅಜ್ಜ ತಂದ ಬೋನಿನ ಹೆಸರು ಕೇಳಿ ನನಗೆ ಅಚ್ಚರಿ: ಬಾಲ್ ಚತ್ರಿ. ಅದು ಹಿಂದಿ ಮಾತು. ಬಾಲ್ ಅಂದರೆ ಕೂದಲು, ಚತ್ರಿ ಅಂದರೆ ನಮ್ಮ ಛತ್ರಿಯೇ. ಭಾರತದ ಹಕ್ಕಿ ಹಿಡಿಯುವವರು ಕುದುರೆಯ ಕೂದಲಿನಿಂದ ಕುಣಿಕೆ ಕಟ್ಟುತ್ತಿದ್ದ ಬೋನು ಇದು. ಈಗ ಕೂದಲಿನ ಜಾಗಕ್ಕೆ ನೈಲಾನ್ ದಾರ ಬಂದಿದೆ. ತಂತಿ ಬಲೆಯ ಸಣ್ಣ ಬುಟ್ಟಿಯೊಳಗೆ ಇಲಿ ಇಟ್ಟು, ಕಾರು ನಿಲ್ಲಿಸದೆಯೇ ರಸ್ತೆಬದಿಗೆ ಬಿಟ್ಟು ಮುಂದೆ ಹೋಗಬೇಕು. ಇಲಿಗೆಂದು ಎರಗಿದ ಹಕ್ಕಿಯ ಕಾಲ್ಬೆರಳು ಕುಣಿಕೆಗೆ ಸಿಕ್ಕಿಕೊಳ್ಳುತ್ತದೆ. ಕರ್ನಾಟಕದಿಂದ ಅಷ್ಟು ದೂರ ಹೋಗಿ ನಾನು ನೋಡಿದ್ದು ನಮ್ಮದೇ ದೇಶದ ಬೋನು.

ಹಿಡಿಯುವುದು ಆ ವರ್ಷ ಹುಟ್ಟಿದ ಹಕ್ಕಿಯನ್ನು ಮಾತ್ರ. ಮರಿ ಮಾಡುವ ದೊಡ್ಡ ಹಕ್ಕಿಗಳನ್ನು ಮುಟ್ಟುವುದಿಲ್ಲ. ಕಾಡಿನಲ್ಲಿ ಇಂಥ ಎಳೆಯ ಹಕ್ಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ವರ್ಷ ದಾಟುವುದಿಲ್ಲ ಎಂದು ಅಜ್ಜ ಹೇಳಿದರು. ನಮಗೆ ಸಿಕ್ಕಿದ್ದು ಹೆಣ್ಣು, 121 ಗ್ರಾಂ.

ಇಲ್ಲಿಂದ ಮುಂದೆ ಎಲ್ಲವೂ ಗ್ರಾಮಿನ ಲೆಕ್ಕ. ಗಿಡುಗವನ್ನು ನಾಯಿಯಂತೆ ಮುದ್ದು ಮಾಡಿ ಪಳಗಿಸಲಾಗದು, ಹೆದರಿಸಿಯೂ ಆಗದು. ಬೈದರೆ ಅದಕ್ಕೆ ಅರ್ಥವಾಗುವುದು ಒಂದೇ: ಈ ಮನುಷ್ಯ ಅಪಾಯ. ಅದು ಕೈಗೆ ಬರುವುದು ಹಸಿವಿದ್ದಾಗ, ಕೈಯಲ್ಲಿ ಊಟವಿದೆ ಎಂಬ ನಂಬಿಕೆ ಹುಟ್ಟಿದಾಗ. ಹೊಟ್ಟೆ ತುಂಬಿದ ಹಕ್ಕಿ ಕಂಬ ಏರಿ ಕೂತು ಇಡೀ ದಿನ ನಮ್ಮನ್ನು ಕಾಯಿಸುತ್ತದೆ. ಹಾಗಂತ ಹಸಿವು ಹೆಚ್ಚಿಸಿದರೆ ಸಾಯುತ್ತದೆ. ಒಂದು ಕಿಲೋ ತೂಗುವ ದೊಡ್ಡ ಗಿಡುಗಕ್ಕೆ ಹತ್ತು ಗ್ರಾಂ ಆಚೀಚೆ ಆದರೆ ಏನೂ ಆಗದು. ನೂರು ಗ್ರಾಂ ಹಕ್ಕಿಗೆ ಅದೇ ಹತ್ತು ಗ್ರಾಂ ಅಂದರೆ ಮೈಯ ಹತ್ತನೇ ಒಂದು ಭಾಗ. ರಾತ್ರಿ ಸುಮ್ಮನೆ ನಿದ್ದೆ ಮಾಡಿದರೂ ಬೆಳಗಾಗುವಷ್ಟರಲ್ಲಿ ಕೆಲವು ಗ್ರಾಂ ಕರಗಿರುತ್ತದೆ. ಚಿಕ್ಕ ಹಕ್ಕಿ ಹೊಸಬರಿಗೆ ಸುಲಭ ಅಂತ ನಾನು ಅಂದುಕೊಂಡಿದ್ದೆ. ಅದೇ ಕಷ್ಟದ್ದು ಎಂದು ಅಜ್ಜನೂ ಒಪ್ಪುತ್ತಿದ್ದರು.

ತಕ್ಕಡಿ ಗ್ರಾಮಿನ ಹತ್ತನೇ ಒಂದು ಭಾಗವನ್ನೂ ತೋರಿಸಬೇಕು. ದಿನಾ ಅದೇ ಹೊತ್ತಿಗೆ ತೂಕ. ತಿಂದದ್ದೆಷ್ಟು, ಹೊರಗೆ ಚಳಿ ಎಷ್ಟು, ಹಿಕ್ಕೆ ಬಿಳಿಯೋ ಹಸಿರೋ, ಕರೆದಾಗ ಬರಲು ಎಷ್ಟು ಸೆಕೆಂಡು ಎಲ್ಲವೂ ನೋಟ್‌ಬುಕ್ಕಿಗೆ. ಹಿಕ್ಕೆ ಹಸಿರಾದರೆ ಹೊಟ್ಟೆ ಖಾಲಿ ಅಂತ ಅನುಮಾನ. ಎದೆಮೂಳೆಯ ಎರಡೂ ಬದಿ ಬೆರಳಿಟ್ಟು ಮಾಂಸ ಎಷ್ಟಿದೆ ನೋಡುವುದನ್ನು ಅಜ್ಜ ನನಗೂ ಕಲಿಸಿದರು. ಗೆಳೆಯನ ಹಕ್ಕಿ 104 ಗ್ರಾಮಿಗೆ ಬಂದಾಗ ಚುರುಕಾಗಿ ಹಾರಿತು. ಅದೇ ಅದರ ಹಾರುವ ತೂಕ ಎಂದು ಗೊತ್ತಾಗಲು ಹದಿನೈದು ದಿನ ಹಿಡಿಯಿತು. ಇನ್ನೊಂದು ಹಕ್ಕಿಗೆ ಆ ಅಂಕಿ ಬೇರೆ. ಅದೇ ಹಕ್ಕಿಗೂ ಚಳಿ ಏರಿದಾಗ ಬೇರೆ.

ಕಲಿಸುವ ಕ್ರಮ ನೋಡಲು ಸರಳ. ಮೊದಲು ಗ್ಲೌಸ್ ಮೇಲೆ ಕೂತು ನಮ್ಮೆದುರು ತಿನ್ನಬೇಕು. ಮುಂದೆ ಒಂದು ಹೆಜ್ಜೆ, ಒಂದು ಜಿಗಿತ, ಕೋಣೆಯ ಆ ತುದಿಯಿಂದ ಈ ತುದಿಗೆ ಹಾರಾಟ. ಆಮೇಲೆ ಬಯಲಿನಲ್ಲಿ ಉದ್ದ ದಾರ ಕಟ್ಟಿ 30 ಮೀಟರಿನಿಂದ ಕರೆಯುವುದು. ಕೊನೆಗೆ ಒಂದು ದಿನ ದಾರ ಬಿಚ್ಚಬೇಕು. ಕಾಲಿಗೆ ಪುಟ್ಟ ಗಂಟೆ ಮತ್ತು ರೇಡಿಯೊ ಟ್ರಾನ್ಸ್‌ಮೀಟರ್ ಇರುತ್ತದೆ ನಿಜ. ಅದು ಹಕ್ಕಿ ಎಲ್ಲಿದೆ ಎಂದಷ್ಟೇ ಹೇಳುತ್ತದೆ, ವಾಪಸ್ ಕರೆತರುವುದಿಲ್ಲ. ಆ ದಿನ ಗೆಳೆಯ ಬೆಳಗಿನಿಂದ ಊಟ ಮಾಡಿರಲಿಲ್ಲ. ದಾರ ಬಿಚ್ಚಿದ ಹಕ್ಕಿ ಬೇಲಿಗೂಟದಿಂದ ಎದ್ದು, ನೆಲಕ್ಕೆ ತಾಗುವಂತೆ ಹಾರಿ ಬಂದು ಕೈಮೇಲೆ ಕೂತು ಇಲಿಯ ಕಾಲು ಎಳೆಯತೊಡಗಿತು. ಇಬ್ಬರಿಗೂ ಮಾತು ಬರಲಿಲ್ಲ.

ಬೇಟೆ ನಡೆಯುತ್ತಿದ್ದುದು ಹತ್ತಿ ಜಿನ್ನಿಂಗ್ ಮಿಲ್ಲುಗಳ ಅಂಗಳದಲ್ಲಿ, ಕಾರ್ ಪಾರ್ಕಿಂಗ್‌ಗಳಲ್ಲಿ. ಹಕ್ಕಿಯನ್ನು ಕೈಯಲ್ಲಿ ಹಿಡಿದು, ಕಾರಿನ ಕಿಟಕಿ ಇಳಿಸಿ, ನಿಧಾನ ಗುಂಪಿನ ಹತ್ತಿರ ಹೋಗಿ ಬಿಡುವುದು. ಬೇಟೆ ಯಾವುದು ಗೊತ್ತೇ? ಸ್ಟಾರ್ಲಿಂಗ್ ಮತ್ತು ನಮ್ಮ ಮನೆಗುಬ್ಬಿ! ಬೆಂಗಳೂರಿನಲ್ಲಿ ಗುಬ್ಬಿ ಕಾಣೆಯಾಯಿತು ಎಂದು ನಾವು ಮಾರ್ಚ್ 20ರಂದು ಗುಬ್ಬಿ ದಿನ ಆಚರಿಸುತ್ತೇವೆ. ಅಮೆರಿಕದಲ್ಲಿ ಅದು ಹೊರಗಿನಿಂದ ಬಂದ ಹಕ್ಕಿ. 1850ರ ಸುಮಾರಿಗೆ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಬಿಟ್ಟದ್ದು ಖಂಡದ ತುಂಬ ಹರಡಿತು. ಸ್ಟಾರ್ಲಿಂಗ್‌ಗಳನ್ನು 1890ರಲ್ಲಿ ಅಲ್ಲಿನ ಸೆಂಟ್ರಲ್ ಪಾರ್ಕ್‌ನಲ್ಲಿ ಬಿಟ್ಟರು. ಇವು ಸ್ಥಳೀಯ ಹಕ್ಕಿಗಳ ಪೊಟರೆಗಳನ್ನು ಕಿತ್ತುಕೊಳ್ಳುತ್ತವೆ, ಕೆಸ್ಟ್ರೆಲ್‌ನ ಪೊಟರೆಯನ್ನೂ ಬಿಡುವುದಿಲ್ಲ. ಹೊರಗಿನಿಂದ ಬಂದವಾದ್ದರಿಂದ ಇವೆರಡಕ್ಕೂ ಅಲ್ಲಿನ ವಲಸೆ ಹಕ್ಕಿ ಕಾಯ್ದೆಯ ರಕ್ಷಣೆ ಇಲ್ಲ. ಕಾರಣ ತಿಳಿದ ಮೇಲೂ ಮೊದಲ ಗುಬ್ಬಿ ಸತ್ತಾಗ ನನಗೆ ಸಂಕಟವಾಯಿತು. ಅದನ್ನು ಮುಚ್ಚಿಡುವುದಿಲ್ಲ. ಬೇಟೆ ನೋಡಲಾಗದವರು ಗಿಡುಗದ ಹತ್ತಿರ ಹೋಗದಿರುವುದೇ ವಾಸಿ.

ಜನವರಿಯಲ್ಲಿ ಒಂದು ರಾತ್ರಿ ಉತ್ತರದ ಚಳಿಗಾಳಿ ನುಗ್ಗಿತು. ಕರೆಂಟ್ ಹೋಯಿತು. ಹಿತ್ತಲ ಗೂಡುಕೋಣೆಯ ಹೀಟರ್ ಆರಿತು. ಬೆಳಿಗ್ಗೆ ತಕ್ಕಡಿ ತೋರಿಸಿದ್ದು 97. ಹಕ್ಕಿ ಗರಿ ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ ಕೂತಿತ್ತು. ಫೋನಿನಲ್ಲಿ ಅಜ್ಜ ಒಂದೂ ಹೆಚ್ಚಿನ ಮಾತಾಡಲಿಲ್ಲ. ಒಳಗೆ ತನ್ನಿ, ಮೂಳೆ ರೋಮ ಇಲ್ಲದ ಮಾಂಸ ಕೊಡಿ, ಬೆಚ್ಚಗಿನ ನೀರಿನಲ್ಲಿ ಅದ್ದಿ ಕೊಡಿ, ಒಮ್ಮೆಲೇ ತುಂಬಬೇಡಿ ಅಂದರು. ಸೋತ ಹಕ್ಕಿಗೆ ಅರಗಿಸುವ ಶಕ್ತಿಯೂ ಇರುವುದಿಲ್ಲವಂತೆ. ಕಡಲೆ ಗಾತ್ರದ ತುಂಡುಗಳನ್ನು ಗಂಟೆಗೊಮ್ಮೆ ಕೊಡುತ್ತ ಗೆಳೆಯ ಬಾತ್‌ರೂಮಿನ ನೆಲದ ಮೇಲೇ ಕೂತ. ಮಧ್ಯಾಹ್ನ 99. ಸಂಜೆ 103. ಅದು ಒಂದು ಕಾಲು ಮಡಚಿ, ಮೈ ಒದರಿ, ಗರಿ ತಿದ್ದಿಕೊಳ್ಳಲು ಶುರು ಮಾಡಿದಾಗಲೇ ಅವನು ಎದ್ದದ್ದು. ಒಂದು ವಾರ ಬೇಟೆ ನಿಂತಿತು.

ಇಷ್ಟು ಓದಿ ಯಾರಿಗಾದರೂ ನಮ್ಮೂರ ತೋಪಿನ ಶಿಕ್ರಾ ಹಿಡಿಯುವ ಆಸೆ ಬಂದರೆ, ಅದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡಿನ ಗಿಡುಗ ಹಿಡಿಯುವುದು, ಸಾಕುವುದು, ಮಾರುವುದು ಜೈಲಿಗೆ ದಾರಿ. ಒಂದು ಕಾಲಕ್ಕೆ ನಮ್ಮಲ್ಲೂ ಇದು ರಾಜವಿದ್ಯೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಶ್ಯೇನವಿನೋದ ಎಂಬ ಭಾಗವೇ ಇದೆ. ವಿಜಯನಗರ ಆಳಿದ ಸಾಳುವ ವಂಶದ ಹೆಸರಿನ ಅರ್ಥವೂ ಬೇಟೆಯ ಗಿಡುಗ. ಇಂದು ಈ ಕೌಶಲ ಬೇರೆ ಕಡೆ ಬೇಕಾಗಿದೆ. ಅಮೆರಿಕದಲ್ಲಿ ಡಿಡಿಟಿಯಿಂದ ಅಳಿವಿನಂಚಿಗೆ ಬಂದಿದ್ದ ಪೆರೆಗ್ರಿನ್ ಫಾಲ್ಕನ್‌ಗಳನ್ನು ಸಾಕಿ, ಬೆಳೆಸಿ, ಮತ್ತೆ ಕಾಡಿಗೆ ಬಿಡುವ ಕೆಲಸದಲ್ಲಿ ಮುಂದೆ ನಿಂತವರು ಟಾಮ್ ಕೇಡ್ ಎಂಬ ವಿಜ್ಞಾನಿ ಮತ್ತು ಅವರಂಥ ಗಿಡುಗ ಸಾಕುವವರೇ. 1999ರಲ್ಲಿ ಆ ಹಕ್ಕಿ ಅಪಾಯದ ಪಟ್ಟಿಯಿಂದ ಹೊರಬಂತು. ಅಲ್ಲಿ ವಿಮಾನ ನಿಲ್ದಾಣ, ದ್ರಾಕ್ಷಿ ತೋಟಗಳಲ್ಲಿ ಹಕ್ಕಿ ಓಡಿಸಲು ಪಳಗಿದ ಗಿಡುಗದವರಿಗೆ ಕೆಲಸವೂ ಉಂಟು. ನಮ್ಮಲ್ಲಿ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಕತ್ತರಿಸಿಕೊಂಡ ಹದ್ದುಗಳನ್ನು ರಕ್ಷಣಾ ಕೇಂದ್ರಗಳು ನೋಡಿಕೊಳ್ಳುತ್ತವೆ. ಗಾಯ ಮಾಗಿದ ಬೇಟೆಹಕ್ಕಿ ಮತ್ತೆ ಹಾರಬಲ್ಲದೇ ಎಂದು ಪರೀಕ್ಷಿಸಲು ಇದೇ ಉದ್ದ ದಾರದ ವಿಧಾನ ಬಳಸುವುದುಂಟು. ಪ್ರಾಣಿಶಾಸ್ತ್ರ, ಪಶುವೈದ್ಯಕೀಯ ಓದುವವರು ಇಂಥ ಕೇಂದ್ರಗಳಲ್ಲಿ ಸ್ವಯಂಸೇವಕರಾಗಲು ಜಾಗವಿದೆಯೇ ಕೇಳಿ ನೋಡಬಹುದು.

ಮಾರ್ಚ್ ಬಂದಾಗ ಗೆಳೆಯ ಬೇಟೆ ನಿಲ್ಲಿಸಿ ಹಕ್ಕಿಗೆ ಹೊಟ್ಟೆ ತುಂಬ ತಿನ್ನಿಸತೊಡಗಿದ. ಹತ್ತು ದಿನದಲ್ಲಿ ಅದು 120 ದಾಟಿತು. ಕೈ ಕಂಡರೆ ಬರುವುದನ್ನೂ ಬಿಟ್ಟಿತು. ಹಿಡಿದ ರಸ್ತೆಗೇ ಹೋಗಿ ಕಾಲುಪಟ್ಟಿ ಕತ್ತರಿಸಿದ. ಅದು ಎರಡು ಕಂಬ ದಾಟಿ ತಂತಿಯ ಮೇಲೆ ಕೂತಿತು. ಬೆನ್ನು ನಮ್ಮ ಕಡೆ, ಆ ಎರಡು ಕಪ್ಪು ಚುಕ್ಕೆಗಳೂ ನಮ್ಮ ಕಡೆ. ನೋಟ್‌ಬುಕ್ಕಿನ ಕೊನೆಯ ಸಾಲು ನನ್ನ ಅಕ್ಷರದಲ್ಲೇ ಇದೆ: ತೂಕ 122, ಊಟ ಇಲ್ಲ, ಬಿಟ್ಟೆವು.