ಸಿಡುಬು ಮತ್ತು ಪ್ಲೇಗು: ಸಾಂಕ್ರಾಮಿಕ ರೋಗಗಳ ಚಿತ್ರರೂಪಗಳನ್ನು ಕುರಿತು ಒಂದು ಜಾನಪದೀಯ ವಿವೇಚನೆ

ಸಾಂಕ್ರಾಮಿಕ ರೋಗಗಳ ಚರಿತ್ರೆಯನ್ನು ಕಟ್ಟಲು ಹೊರಡುವವರಿಗೆ ಸರ್ಕಾರಿ ವರದಿ, ಮರಣ ಲೆಕ್ಕ, ಪತ್ರವ್ಯವಹಾರಗಳಂತೆಯೇ ಚಿತ್ರಗಳೂ ಮುಖ್ಯ ಆಕರಗಳಾಗಿವೆ. ಆದರೆ ಈ ಆಕರಗಳಿಗೆ ಒಂದು ಮೂಲಭೂತ ತೊಡಕಿದೆ. ರೋಗಕ್ಕೆ ತನ್ನದೇ ಆದ ರೂಪವಿಲ್ಲ. ಸಿಡುಬಿನ ವೈರಾಣುವಾಗಲಿ, ಪ್ಲೇಗಿನ ಬ್ಯಾಕ್ಟೀರಿಯವಾಗಲಿ ಬರಿಗಣ್ಣಿಗೆ ಕಾಣುವಂಥದಲ್ಲ. ಕಣ್ಣಿಗೆ ಕಾಣುವುದು ರೋಗಿಯ ಮೈ, ಆರೈಕೆಯ ಕೈ, ಮುಚ್ಚಿದ ಬಾಗಿಲು, ಬಿಕೋ ಎನ್ನುವ ಊರು. ಹೀಗಾಗಿ ರೋಗದ ಚಿತ್ರವೆಂದರೆ ರೋಗದೊಡನೆ ಮನುಷ್ಯರು ಕಟ್ಟಿಕೊಂಡ ಸಂಬಂಧದ ಚಿತ್ರ. ಅದರಲ್ಲಿ ಯಾರು ಯಾರನ್ನು ಕಾಣಿಸಿದ್ದಾರೆ, ಯಾರನ್ನು ಕಾಣಿಸದೆ ಬಿಟ್ಟಿದ್ದಾರೆ ಎಂಬ ಪ್ರಶ್ನೆ ರೋಗಲಕ್ಷಣದ ಪ್ರಶ್ನೆಗಿಂತ ಕಡಿಮೆ ಮಹತ್ವದ್ದಲ್ಲ. ಸಿಡುಬು ಮತ್ತು ಪ್ಲೇಗುಗಳಿಗೆ ಸಂಬಂಧಿಸಿದ ಕೆಲವು ಚಿತ್ರರೂಪಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಜಾನಪದದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಚಿತ್ರ ಮತ್ತು ಅದರ ಶೀರ್ಷಿಕೆ

ಮೊದಲಿಗೆ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕಾಗುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಲ ಪಾಮರ್ ಎಂಬಾತ ಸಿದ್ಧಪಡಿಸಿದ ‘ಓಮ್ನೆ ಬೋನಮ್’ ಎಂಬ ವಿಶ್ವಕೋಶದ ಹಸ್ತಪ್ರತಿಯಲ್ಲಿ ಒಂದು ಚಿತ್ರವಿದೆ. ಮುಖದ ತುಂಬ ಕೆಂಪು ಚುಕ್ಕೆಗಳಿರುವ ಕೆಲವು ಪಾದ್ರಿಗಳು ಬಿಷಪ್ಪನ ಮುಂದೆ ನಿಂತಿದ್ದಾರೆ. ಈ ಚಿತ್ರ 1340ರ ದಶಕದ ಮಹಾ ಪ್ಲೇಗಿನ ಚಿತ್ರವೆಂದು ಪುಸ್ತಕಗಳಲ್ಲಿಯೂ ಅಂತರಜಾಲದಲ್ಲಿಯೂ ವ್ಯಾಪಕವಾಗಿ ಹರಡಿತು. ಮೋನಿಕಾ ಗ್ರೀನ್ ಮತ್ತು ಅವರ ಸಹಲೇಖಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಚಿತ್ರದ ಜೊತೆಗಿರುವ ಪಠ್ಯವನ್ನು ಓದಿ, ಅಲ್ಲಿರುವವರು ಕುಷ್ಠರೋಗಕ್ಕೆ ತುತ್ತಾದ ಪಾದ್ರಿಗಳೆಂದು ತೋರಿಸಿಕೊಟ್ಟರು. ಚಿತ್ರ ಬದಲಾಗಿರಲಿಲ್ಲ. ಅದರ ಕೆಳಗೆ ಬರೆದ ಸಾಲು ಮಾತ್ರ ತಪ್ಪಾಗಿತ್ತು.

ಈ ಪ್ರಸಂಗದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಚುಕ್ಕೆಯೆಂಬುದು ಚಿತ್ರಕಾರರ ಒಂದು ಸಂಕೇತ. ಕುಷ್ಠ, ಸಿಡುಬು, ಪ್ಲೇಗು ಮೂರಕ್ಕೂ ಅದೇ ಚುಕ್ಕೆಯನ್ನು ಬಳಸಬಹುದು. ಎರಡು, ಚಿತ್ರವನ್ನು ಅದರ ಪಠ್ಯದಿಂದ, ಆಚರಣೆಯಿಂದ, ಸ್ಥಳದಿಂದ ಬೇರ್ಪಡಿಸಿದ ಕೂಡಲೇ ಅದು ಯಾರು ಏನು ಹೇಳಿಸಿದರೂ ಹೇಳುವ ಸ್ಥಿತಿಗೆ ಬರುತ್ತದೆ. ಜಾನಪದ ವಿದ್ವಾಂಸರಿಗೆ ಇದು ಹೊಸ ಪಾಠವೇನಲ್ಲ. ಸಂದರ್ಭದಿಂದ ಕಿತ್ತು ತಂದ ಹಾಡಿಗೆ ಒದಗುವ ಗತಿಯೇ ಚಿತ್ರಕ್ಕೂ ಒದಗುತ್ತದೆ.

2. ಅಮ್ಮನ ರೂಪ

ಭಾರತದಲ್ಲಿ ಸಿಡುಬಿನ ಚಿತ್ರರೂಪವನ್ನು ಹುಡುಕಿದರೆ ಮೊದಲು ಎದುರಾಗುವುದು ರೋಗಿಯಲ್ಲ, ದೇವತೆ. ಉತ್ತರ ಮತ್ತು ಪೂರ್ವ ಭಾರತದ ಶೀತಲೆ ಕತ್ತೆಯನ್ನೇರಿದವಳು. ಕೈಯಲ್ಲಿ ಪೊರಕೆ ಮತ್ತು ನೀರಿನ ಕಲಶ, ತಲೆಯ ಮೇಲೆ ಮೊರ. ಇವು ಆಯುಧಗಳಲ್ಲ, ಮನೆಯ ಹೆಣ್ಣುಮಕ್ಕಳ ದಿನನಿತ್ಯದ ಸಾಧನಗಳು. ಮೊರ ಕೇರುತ್ತದೆ, ಪೊರಕೆ ಗುಡಿಸುತ್ತದೆ, ನೀರು ತಂಪೆರೆಯುತ್ತದೆ. ಹರಡುವುದೂ ಅವಳೇ, ಬಳಿದು ತೆಗೆಯುವುದೂ ಅವಳೇ ಎಂಬ ಭಾವನೆ ಈ ರೂಪದಲ್ಲಿ ಅಡಕವಾಗಿದೆ. ಉರಿಯನ್ನು ತರುವವಳಿಗೆ ‘ತಣ್ಣಗಿರುವವಳು’ ಎಂದು ಹೆಸರಿಟ್ಟು ಕರೆಯುವುದರಲ್ಲಿ ಭಯದ ಜೊತೆಗೆ ಓಲೈಕೆಯೂ ಇದೆ.

ಕನ್ನಡ ನಾಡಿನಲ್ಲಿ ಈ ಸ್ಥಾನ ಮಾರಮ್ಮ, ಮಾರಿಕಾಂಬೆ ಮೊದಲಾದ ಅಮ್ಮಂದಿರದು. ಸಿಡುಬು ಎದ್ದಿದೆ ಎನ್ನದೆ ‘ಅಮ್ಮ ಬಂದಿದ್ದಾಳೆ’ ಎನ್ನುವ ರೂಢಿ ಎಲ್ಲರಿಗೂ ತಿಳಿದದ್ದೇ. ಸಿಡುಬಿನ ಗುಳ್ಳೆಯನ್ನು ಮುತ್ತು ಎಂದು ಕಾಣುವ ಪರಿಪಾಠ ದಕ್ಷಿಣ ಭಾರತದಲ್ಲಿ ಬಳಕೆಯಲ್ಲಿದೆ. ಮುತ್ಯಾಲಮ್ಮ ಎಂಬ ಹೆಸರಿನ ಹಿನ್ನೆಲೆಯಲ್ಲಿರುವುದು ಇದೇ ಭಾವ. ಕೀವು ತುಂಬಿದ ಗುಳ್ಳೆಯನ್ನು ದೇವತೆಯ ಆಭರಣವಾಗಿ ನೋಡಿದಾಗ ರೋಗಿಯ ಮೈ ಅಸಹ್ಯದ ವಸ್ತುವಾಗಿ ಉಳಿಯದೆ ಅಮ್ಮ ಬಂದು ಕುಳಿತ ಗದ್ದುಗೆಯಾಗುತ್ತದೆ. ಗುಡಿಯ ವಿಗ್ರಹದಲ್ಲಿ ರೋಗಿಯ ಚಿತ್ರಣ ಕಾಣದಿರುವುದಕ್ಕೆ ಇದೂ ಒಂದು ಕಾರಣವೆಂದು ತೋರುತ್ತದೆ. ರೋಗಿಯನ್ನು ಚಿತ್ರಿಸುವ ಅಗತ್ಯವೇ ಅಲ್ಲಿಲ್ಲ. ಗುಡಿಯ ವಿಗ್ರಹಕ್ಕೂ ಮನೆಯಲ್ಲಿ ಮಲಗಿದ ಮಗುವಿಗೂ ಸಲ್ಲುವುದು ಅದೇ ಬೇವಿನ ಸೊಪ್ಪು, ಅದೇ ಅರಿಸಿನ, ಅದೇ ತಂಪು.

ರೋಗದ ಗಾಯ ನೇರವಾಗಿ ಕಾಣಿಸಿಕೊಳ್ಳುವ ಒಂದು ಜಾಗವಿದೆ. ಅದು ಹರಕೆ. ಸಿಡುಬು ಬಹಳ ಜನರ ಕಣ್ಣು ಕಳೆಯುತ್ತಿತ್ತು. ಕಣ್ಣು ಉಳಿದರೆ ಬೆಳ್ಳಿಯ ಕಣ್ಣು ಒಪ್ಪಿಸುತ್ತೇವೆಂದು ಹೊತ್ತ ಹರಕೆಗಳು ಅಮ್ಮನ ಗುಡಿಗಳಲ್ಲಿ ಸಲ್ಲುತ್ತ ಬಂದಿವೆ. ತೆಳ್ಳನೆಯ ತಗಡಿನ ಮೇಲೆ ಕೊರೆದ ಆ ಒಂದು ಜೊತೆ ಕಣ್ಣು ರೋಗದ ಚರಿತ್ರೆಗೆ ಸಂದ ಅಪ್ಪಟ ಚಿತ್ರಾಕರ. ಆದರೆ ಅದನ್ನು ಆ ದೃಷ್ಟಿಯಿಂದ ವರ್ಗೀಕರಿಸಿ ಇಡುವ ಪದ್ಧತಿ ನಮ್ಮಲ್ಲಿ ಬೆಳೆದಿಲ್ಲ.

3. ಮೈಸೂರಿನ ರಾಣಿಯರ ಚಿತ್ರ

ಎಡ್ವರ್ಡ್ ಜೆನ್ನರ್ ಗೋಸಿಡುಬಿನ ಲಸಿಕೆಯನ್ನು ಪ್ರಯೋಗಿಸಿದ್ದು 1796ರಲ್ಲಿ, ಅದರ ವಿವರವನ್ನು ಪ್ರಕಟಿಸಿದ್ದು 1798ರಲ್ಲಿ. 1802ರ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಮೂರು ವರ್ಷದ ಒಂದು ಹೆಣ್ಣುಮಗುವಿಗೆ ಹಾಕಿದ ಲಸಿಕೆ ಭಾರತದಲ್ಲಿ ಮೊದಲನೆಯದು. ಅದೇ 1802ರಲ್ಲಿ ಲಂಡನ್ನಿನ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ, ಲಸಿಕೆ ಹಾಕಿಸಿಕೊಂಡವರ ಮೈಯಿಂದ ಹಸುಗಳು ಮೊಳೆತು ಹೊರಬರುತ್ತಿರುವಂತೆ ಚಿತ್ರ ಬರೆದ. ಲಸಿಕೆ ಹುಟ್ಟಿದ ದೇಶದಲ್ಲಿಯೇ ಅದರ ಬಗೆಗಿನ ಅಂಜಿಕೆ ನಗೆಯ ರೂಪದಲ್ಲಿ ಹೀಗೆ ಪ್ರಕಟವಾಯಿತು. ಶಂಕೆ ಭಾರತೀಯರ ಮೂಢನಂಬಿಕೆ ಮಾತ್ರವಾಗಿತ್ತು ಎಂಬ ಸರಳ ತೀರ್ಮಾನಕ್ಕೆ ಈ ಒಂದು ಚಿತ್ರವೇ ಸಾಕಷ್ಟು ಉತ್ತರ.

ಇದಕ್ಕೆ ಪ್ರತಿಯಾಗಿ ಇಡಬಹುದಾದ ಚಿತ್ರ ನಮ್ಮ ಮೈಸೂರಿನದು. ಐರಿಷ್ ಚಿತ್ರಕಾರ ಥಾಮಸ್ ಹಿಕಿ 1805ರಲ್ಲಿ ರಚಿಸಿದ ಈ ತೈಲಚಿತ್ರದಲ್ಲಿ ಮೂವರು ಸ್ತ್ರೀಯರಿದ್ದಾರೆ. ಇವರನ್ನು ನರ್ತಕಿಯರೆಂದು ಬಹುಕಾಲ ಭಾವಿಸಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಇವರನ್ನು ಮೈಸೂರಿನ ರಾಜವಂಶದವರೆಂದು ಗುರುತಿಸಿ, ಚಿತ್ರವನ್ನು ಸಿಡುಬಿನ ಲಸಿಕೆಯ ಪ್ರಚಾರಕ್ಕೆ ಸಂಬಂಧಿಸಿದ್ದೆಂದು ವಾದಿಸಿದರು. ಅವರ ಪ್ರಕಾರ ಬಲಬದಿಯಲ್ಲಿರುವವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಆಕೆ ಸೀರೆಯ ಸೆರಗನ್ನು ಸರಿಸಿ ಲಸಿಕೆ ಹಾಕಿದ ತೋಳಿನತ್ತ ಬೆರಳು ತೋರುತ್ತಿದ್ದಾಳೆ. ಎಡಬದಿಯ ಹಿರಿಯ ರಾಣಿಯ ಮೂಗು ಬಾಯಿಗಳ ಸುತ್ತ ಕಾಣುವ ಬಣ್ಣಗೇಡು, ಸಿಡುಬಿನ ಹೊಕ್ಕಳೆಯ ಪುಡಿಯನ್ನು ಮೂಗಿಗೆ ಏರಿಸುವ ಹಳೆಯ ಪದ್ಧತಿಯ ಗುರುತು. ನಡುವೆ ಇರುವವರು ದೊರೆಯ ಅಜ್ಜಿ ಲಕ್ಷ್ಮಮ್ಮಣ್ಣಿಯವರು. 2007ರಲ್ಲಿ ಈ ಚಿತ್ರ ಲಂಡನ್ನಿನಲ್ಲಿ ಹರಾಜಿಗೆ ಬಂದಾಗ ಈ ವಿವರಣೆ ಹೆಚ್ಚಿನ ಪ್ರಚಾರ ಪಡೆಯಿತು.

ಚಾನ್ಸೆಲರ್ ಅವರ ವಾದ ಆಕರ್ಷಕವಾದುದು. ಆದರೆ ಅದು ಚಿತ್ರದ ಹೊರಗಿನ ದಾಖಲೆಗಳನ್ನು ಚಿತ್ರದೊಳಗಿನ ಸೂಕ್ಷ್ಮ ಸನ್ನೆಗಳೊಡನೆ ಜೋಡಿಸಿ ಮಾಡಿದ ಅನುಮಾನವೆಂಬುದನ್ನು ಮರೆಯಬಾರದು. ಚಿತ್ರದಲ್ಲಿ ಸೂಜಿಯಿಲ್ಲ, ವೈದ್ಯನಿಲ್ಲ, ರೋಗಿಯಿಲ್ಲ. ಇರುವುದು ಒಂದು ಬೆರಳು, ಒಂದು ತೋಳು. ನರ್ತಕಿಯರೆಂಬ ಹಿಂದಿನ ಗುರುತು ಕುಸಿದ ರೀತಿಯನ್ನು ಕಂಡವರು ಹೊಸ ಗುರುತನ್ನೂ ಆಧಾರ ಸಹಿತ ಪ್ರಮೇಯವಾಗಿಯೇ ಇಟ್ಟುಕೊಳ್ಳುವುದು ಯುಕ್ತ. ಪ್ರಮೇಯ ನಿಜವಾದಲ್ಲಿ ಮಾತ್ರ ಒಂದು ಸಂಗತಿ ಎದ್ದುಕಾಣುತ್ತದೆ. ಇಲ್ಲಿ ರೋಗದ ವಿರುದ್ಧದ ಮಾತನ್ನು ಆಡುತ್ತಿರುವುದು ಭಯವಲ್ಲ, ಅರಮನೆಯ ಹೆಣ್ಣುಮಕ್ಕಳ ಮರ್ಯಾದೆ.

4. ಬಾಗಿಲ ಮೇಲಿನ ಎರಡು ಗುರುತುಗಳು

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಪ್ಲೇಗನ್ನು ಗುರುತಿಸಿದರು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. 1898ರ ಆಗಸ್ಟ್‌ನಲ್ಲಿ ರೋಗ ಬೆಂಗಳೂರನ್ನು ಮುಟ್ಟಿತು. ಈ ವೇಳೆಗೆ ಕ್ಯಾಮರಾ ಆಡಳಿತದ ಸಾಧನವಾಗಿತ್ತು. ಮುಂಬಯಿಯ 1896-97ರ ಪ್ಲೇಗಿಗೆ ಸಂಬಂಧಿಸಿದಂತೆ, ಬ್ರಿಗೇಡಿಯರ್ ಜನರಲ್ ಗೆಟೇಕರನ ಅಧ್ಯಕ್ಷತೆಯ ಪ್ಲೇಗ್ ಸಮಿತಿಯ ಕೆಲಸವನ್ನು ತೋರುವ ಛಾಯಾಚಿತ್ರ ಸಂಪುಟಗಳು ಸಿದ್ಧವಾದವು. ಕ್ಯಾಪ್ಟನ್ ಮಾಸ್ ತೆಗೆದ ಚಿತ್ರಗಳು ಇವುಗಳಲ್ಲಿ ಪ್ರಸಿದ್ಧ. ಮನೆಗಳಿಗೆ ನೀರು ಹಾಯಿಸಿ ತೊಳೆಯುವ ಪಂಪುಗಳು, ತಪಾಸಣೆಗೆ ಹೊರಟ ತಂಡಗಳು, ಪ್ರತ್ಯೇಕ ಶಿಬಿರಗಳು, ಆಸ್ಪತ್ರೆಯ ಮಂಚಗಳ ಮೇಲಿನ ರೋಗಿಗಳು ಇಲ್ಲಿ ಕಾಣಸಿಗುತ್ತಾರೆ. ಇಲ್ಲಿಯೂ ಕಾಣುವುದು ಪ್ಲೇಗಲ್ಲ, ಪ್ಲೇಗಿನ ವಿರುದ್ಧ ಕ್ರಮಬದ್ಧವಾಗಿ ನಿಂತ ಆಡಳಿತ. ಅಧಿಕಾರಿಗಳ ಹೆಸರು ಉಳಿದಂತೆ ರೋಗಿಗಳ ಹೆಸರು ಉಳಿದಿಲ್ಲ. ಮನೆ ತಪಾಸಣೆ ಎಷ್ಟು ರೋಷ ಹುಟ್ಟಿಸಿತ್ತೆಂಬುದಕ್ಕೆ 1897ರ ಜೂನ್ 22ರಂದು ಪುಣೆಯಲ್ಲಿ ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಗುಂಡು ಹಾರಿಸಿದ್ದು ಸಾಕ್ಷಿ. ಆ ರೋಷದ ಸುಳಿವು ಈ ಶಿಸ್ತಿನ ಛಾಯಾಚಿತ್ರಗಳಲ್ಲಿ ಸಿಗುವುದಿಲ್ಲ.

ಈ ಕಾಲದ ಮುಂಬಯಿಯಲ್ಲಿ ಪ್ಲೇಗಿನ ಸಾವು ಸಂಭವಿಸಿದ ಮನೆಯ ಮೇಲೆ ವೃತ್ತವನ್ನು ಬರೆಯಲಾಗುತ್ತಿತ್ತು. ವಾಸಕ್ಕೆ ಯೋಗ್ಯವಲ್ಲದ ಮನೆಗೆ ‘ಯು.ಹೆಚ್.ಹೆಚ್.’ ಎಂಬ ಅಕ್ಷರಗಳನ್ನು ಹಾಕಲಾಗುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುವ ರೂಢಿ ಅದಕ್ಕೂ ಹಳೆಯದು. ಎರಡೂ ರೋಗದ ಚಿಹ್ನೆಗಳೇ. ಎರಡೂ ಹೊರಗಿನವರಿಗೆ ಒಳಗೆ ಬರಬೇಡವೆಂದು ತಿಳಿಸುತ್ತವೆ. ಬೇವಿನ ಸೊಪ್ಪಿನ ಹಿಂದೆ ಒಗ್ಗರಣೆ ಹಾಕದಿರುವುದು, ಮಡಿಯಿಂದಿರುವುದು, ಬಿರುಸು ಮಾತನಾಡದಿರುವುದು ಮುಂತಾದ ಕಟ್ಟುಪಾಡುಗಳ ಒಂದು ಶಿಸ್ತೇ ಇದೆ. ಆದರೆ ಆ ಸೊಪ್ಪನ್ನು ಸಿಕ್ಕಿಸುವವರು ಮನೆಯವರೇ. ಅಮ್ಮನಿಗೆ ನೀರು ಹಾಕಿ ಕಳಿಸಿದ ಮೇಲೆ ಅದನ್ನು ತೆಗೆಯುವವರೂ ಅವರೇ. ವೃತ್ತವನ್ನು ಬರೆದವರು ಬೇರೆಯವರು. ಅದನ್ನು ಅಳಿಸುವ ಹಕ್ಕು ಮನೆಯವರಿಗಿರಲಿಲ್ಲ. ರೋಗದ ಗುರುತು ಒಂದೆಡೆ ಆರೈಕೆಯ ಭಾಗವಾಗಿಯೂ ಇನ್ನೊಂದೆಡೆ ಕಳಂಕವಾಗಿಯೂ ಪರಿಣಮಿಸುವುದು ಈ ವ್ಯತ್ಯಾಸದಿಂದ.

ಇಷ್ಟು ಹೇಳಿದ ಮೇಲೆ ಜನಪದರ ಪದ್ಧತಿಯನ್ನು ಆದರ್ಶೀಕರಿಸುವುದೂ ಸಲ್ಲದು. ಬೇವು ಮನಸ್ಸಿಗೆ ಸಮಾಧಾನ ತಂದಿತು, ಸೋಂಕಿನ ಮನೆಯನ್ನು ಒಂದಿಷ್ಟು ಪ್ರತ್ಯೇಕವಾಗಿ ಇಟ್ಟಿತು. ಆದರೆ ಸಿಡುಬನ್ನು ನಿಲ್ಲಿಸಿದ್ದು ಲಸಿಕೆ.

5. ಗುರುತಿನ ಚೀಟಿ

ಸಿಡುಬಿನ ಚಿತ್ರಚರಿತ್ರೆಯ ಕೊನೆಯ ಘಟ್ಟದಲ್ಲಿ ರೋಗಿಯ ಮೈ ಮತ್ತೆ ಮುಂದೆ ಬಂತು. 1970ರ ದಶಕದ ನಿರ್ಮೂಲನ ಕಾರ್ಯದಲ್ಲಿ ಮನೆಮನೆ ಸುತ್ತಿದ ಕಾರ್ಯಕರ್ತರ ಕೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಗುರುತಿನ ಚೀಟಿ ಇರುತ್ತಿತ್ತು. ಮೈತುಂಬ ಗುಳ್ಳೆಯೆದ್ದ ಮಗುವಿನ ಛಾಯಾಚಿತ್ರವನ್ನು ತೋರಿಸಿ, ಇಂಥದ್ದನ್ನು ಕಂಡಿರಾ ಎಂದು ಅವರು ವಿಚಾರಿಸುತ್ತಿದ್ದರು. ಸಿಡುಬಿನ ಗುಳ್ಳೆಗಳು ಮುಖ, ಕೈ, ಕಾಲುಗಳಲ್ಲಿ ದಟ್ಟವಾಗಿರುತ್ತವೆ. ಸೀತಾಳೆ ಸಿಡುಬಿನವು ಹೊಟ್ಟೆ, ಬೆನ್ನುಗಳಲ್ಲಿ ಹೆಚ್ಚು. ಅಕ್ಷರ ಬಾರದವರೂ ಚಿತ್ರ ನೋಡಿ ಈ ವ್ಯತ್ಯಾಸವನ್ನು ಗುರುತಿಸಬಲ್ಲವರಾಗಿದ್ದರು. ಭಾರತದ ಕೊನೆಯ ಪ್ರಕರಣ ಪತ್ತೆಯಾದದ್ದು 1975ರ ಮೇ ತಿಂಗಳಲ್ಲಿ, ಅಸ್ಸಾಮಿನಲ್ಲಿ. ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು 1980ರ ಮೇ 8ರಂದು ಘೋಷಿಸಲಾಯಿತು. ಹೆಸರಿಲ್ಲದ ಆ ಮಗುವಿನ ಚಿತ್ರ ಅಸಂಖ್ಯ ಮಕ್ಕಳನ್ನು ಉಳಿಸುವ ಕೆಲಸದಲ್ಲಿ ಪಾಲುಗೊಂಡಿತು. ರೋಗಿಯ ಮೈಯನ್ನು ತೋರಿಸುವುದು ಸರಿಯೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ ಎಂಬುದನ್ನು ಈ ಚೀಟಿ ನೆನಪಿಸುತ್ತದೆ. ಯಾರಿಗಾಗಿ, ಯಾವ ಕೆಲಸಕ್ಕಾಗಿ ತೋರಿಸಲಾಯಿತು ಎಂಬುದೇ ಇಲ್ಲಿ ನಿರ್ಣಾಯಕ.

6. ಉಳಿಯದ ಚಿತ್ರಗಳು

ಮೇಲೆ ಚರ್ಚಿಸಿದವುಗಳಲ್ಲಿ ಹಸ್ತಪ್ರತಿ, ತೈಲಚಿತ್ರ, ಛಾಯಾಚಿತ್ರಗಳು ಸಂಗ್ರಹಗಳಲ್ಲಿ ಉಳಿದುಬಂದಿವೆ. ಬೇವಿನ ಸೊಪ್ಪು ಒಣಗಿಹೋಯಿತು. ಹೆನ್ರಿ ವೈಟ್‌ಹೆಡ್ 1916ರಲ್ಲಿ ದಕ್ಷಿಣ ಭಾರತದ ಗ್ರಾಮದೇವತೆಗಳನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ, ಹಬ್ಬಕ್ಕೆಂದೇ ಮಣ್ಣಿನಿಂದ ಮಾಡಿ, ಪೂಜೆ ಮುಗಿದ ಮೇಲೆ ಊರ ಗಡಿಯಲ್ಲಿ ಬಿಟ್ಟುಬರುವ ವಿಗ್ರಹಗಳ ವಿವರವಿದೆ. ಈ ವಿಗ್ರಹ ಉಳಿಯಬಾರದು. ಅದು ಹೋದರೆ ಮಾತ್ರ ರೋಗವೂ ಹೋದಂತೆ. ಬೇನೆಯನ್ನು ಅತ್ಯಂತ ನೇರವಾಗಿ ಎದುರಿಸಿದ ಚಿತ್ರರೂಪವೇ ಕಳೆದುಹೋಗಲೆಂದು ಹುಟ್ಟಿದ್ದು. ಆದ್ದರಿಂದ ಸಂಗ್ರಹಾಲಯದಲ್ಲಿ ಇರುವುದನ್ನಷ್ಟೇ ನಂಬಿ ರೋಗದ ಚಿತ್ರಚರಿತ್ರೆಯನ್ನು ಬರೆದರೆ ಅದು ಆಳಿದವರ ಚರಿತ್ರೆಯಾಗುತ್ತದೆ.

ಈ ಪರಂಪರೆ ಮುಗಿದುಹೋದದ್ದೂ ಅಲ್ಲ. ಬೆಂಗಳೂರಿನಲ್ಲಿಯೂ ಕೊಯಮತ್ತೂರಿನಲ್ಲಿಯೂ ಪ್ಲೇಗಿನ ಹೆಸರು ಹೊತ್ತ ಮಾರಮ್ಮನ ಗುಡಿಗಳಿವೆ. 2021ರಲ್ಲಿ ಕೊಯಮತ್ತೂರಿನಲ್ಲಿ ಕೊರೊನಾ ದೇವಿಯ ವಿಗ್ರಹವನ್ನು ಸ್ಥಾಪಿಸಲಾಯಿತು. ಇದನ್ನು ಕಂಡು ನಕ್ಕವರೂ ಉಂಟು. ರೋಗಕ್ಕೆ ಒಂದು ಮುಖ ಕೊಟ್ಟು, ಅದರೊಡನೆ ಮಾತನಾಡಿ, ಬೀಳ್ಕೊಡುವ ಹಳೆಯ ಕ್ರಮವೇ ಹೊಸ ಹೆಸರಿನಲ್ಲಿ ಮುಂದುವರಿದದ್ದನ್ನು ಸಂಶೋಧಕರು ಗಮನಿಸಬೇಕಾಗಿದೆ.

ಒಟ್ಟಿನಲ್ಲಿ, ಈ ಬಗೆಯ ಆಕರಗಳನ್ನು ಕಾಪಾಡುವವರ ಹೊಣೆ ದೊಡ್ಡದು. ಗ್ರಂಥಾಲಯಗಳು ಚಿತ್ರದ ವಿವರವನ್ನು ಬರೆಯುವಾಗ ರೋಗದ ಹೆಸರು ಮೂಲದಲ್ಲಿಯೇ ಇದೆಯೋ, ನಂತರದವರು ಸೇರಿಸಿದ್ದೋ ಎಂಬುದನ್ನು ಬೇರ್ಪಡಿಸಿ ದಾಖಲಿಸಬೇಕು. ಹರಕೆಯ ತಗಡು, ಗಡಿಯ ಮಣ್ಣಿನ ವಿಗ್ರಹ, ಬಾಗಿಲ ಸೊಪ್ಪು ಇವುಗಳನ್ನು ಕಿತ್ತು ತಂದು ಕಪಾಟಿನಲ್ಲಿಡುವುದಕ್ಕಿಂತ, ಆಚರಿಸುವವರ ಮಾತಿನೊಡನೆ, ಅವರ ಒಪ್ಪಿಗೆಯೊಡನೆ ದಾಖಲಿಸುವುದು ಲೇಸು. ಸಿಡುಬಿನ ಕಲೆಯನ್ನು ಮುಖದಲ್ಲಿ ಹೊತ್ತ ಹಿರಿಯರು ನಮ್ಮ ಹಳ್ಳಿಗಳಲ್ಲಿ ದಿನೇದಿನೇ ಕಡಿಮೆಯಾಗುತ್ತಿದ್ದಾರೆ. ಅವರು ಆಡಬಹುದಾದ ಮಾತು ಯಾವ ಚಿತ್ರದ ಶೀರ್ಷಿಕೆಯಲ್ಲಿಯೂ ಇಲ್ಲ. ಕ್ಷೇತ್ರಕಾರ್ಯಕ್ಕೆ ಉಳಿದಿರುವ ಕಾಲಾವಕಾಶ ಅವರ ಆಯುಷ್ಯದಷ್ಟೇ.